ಎಡಗಡೆ ಸೀಟಿನ ಸದ್ದು

ಭೂಗೋಳ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರನ್ನು ಬೀದಿಯವರೆಲ್ಲ ಸ್ಪ್ಯಾನರ್ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಕಾರು ಮನೆಗೆ ಬಂದ ವರ್ಷ, ತಿಂಗಳು, ವಾರ ಎಲ್ಲ ಅವರಿಗೆ ಬಾಯಿಪಾಠ. ಮಗಳು ಹುಟ್ಟಿದ್ದು ಯಾವಾಗ ಎಂದು ಕೇಳಿದರೆ ಮಾತ್ರ ಹೆಂಡತಿಯ ಮುಖ ನೋಡುತ್ತಿದ್ದರು. ಲಕ್ಷಗಟ್ಟಲೆ ಕಿಲೋಮೀಟರ್ ಎಣಿಸಿ ಸುಸ್ತಾದ ಮೀಟರು ಎಂದೋ ನಿಂತುಹೋಗಿತ್ತು. ಕಾರು ಆಗಾಗ ನಿಲ್ಲುತ್ತಿತ್ತು, ಆಗೆಲ್ಲ ಮೇಷ್ಟ್ರು ಅದರ ಕೆಳಗೆ ಮಲಗಿರುತ್ತಿದ್ದರು. ಊಟಕ್ಕೆ ಕರೆಯಬೇಕೆಂದರೆ ಹೆಂಡತಿ ಅವರ ಚಪ್ಪಲಿಯ ಜೊತೆ ಮಾತಾಡಬೇಕಿತ್ತು.

ಆ ಕಾರಿನಲ್ಲಿ ಕೂತವರು ತುಟಿ ಬಿಚ್ಚುವಂತಿರಲಿಲ್ಲ. ಕಾರು ಮಾತಾಡುತ್ತದೆ, ಉಳಿದವರು ಕೇಳಿಸಿಕೊಳ್ಳಬೇಕು. "ಕೇಳಿಸ್ತಾ?" ಎನ್ನುವರು ಮೇಷ್ಟ್ರು. ಕೇಳಿಸಿತು ಎಂದರೆ ಯಾವ ಕಡೆಯಿಂದ ಎಂಬ ಪರೀಕ್ಷೆ, ಇಲ್ಲ ಎಂದರೆ ಕಿವಿ ಮಂದ ಎಂಬ ಬಿರುದು. ಆಕೆ ಹೂಂ ಎಂದು ಕಿಟಕಿಯಾಚೆ ನೋಡುವುದನ್ನು ರೂಢಿ ಮಾಡಿಕೊಂಡಿದ್ದಳು. ಮನೆಯೊಳಗೆ ಕಾಲಿಟ್ಟರೆ ಮೇಷ್ಟ್ರ ಕಿವಿಗೆ ರಜೆ.

ಆ ವರ್ಷ ಚಳಿ ಶುರುವಾದಾಗಿನಿಂದ ಮೆಟ್ಟಿಲು ಹತ್ತಿದರೆ ಆಕೆಯ ಎದೆ ಬಿಗಿಯುತ್ತಿತ್ತು. ಮಲಗಿದರೆ ಉಸಿರು ಸಾಲುತ್ತಿರಲಿಲ್ಲ.

"ರೀ, ಒಂದ್ಸಲ ಡಾಕ್ಟ್ರ ಹತ್ರ ಹೋಗಿಬರೋಣ."

"ಹೋಗೋಣ. ಕಾರಲ್ಲಿ ಅದೇನೋ ಸದ್ದು ಬರ್ತಿದೆ, ಅದೊಂದು ಸರಿಹೋಗ್ಲಿ."

"ಬಸ್ಸಲ್ಲಿ ಹೋದ್ರೆ ಏನು?"

ಮೇಷ್ಟ್ರು ನೊಂದುಕೊಂಡರು. ಬಾಗಿಲಲ್ಲಿ ಕಾರು ನಿಲ್ಲಿಸಿಕೊಂಡು ಬಸ್ಸಿಗೆ ಕೈ ಅಡ್ಡ ಹಿಡಿಯುವುದೆಂದರೆ ಕಾರಿನ ಮರ್ಯಾದೆ ತೆಗೆದಂತೆ. ಆಕೆ ಒಬ್ಬಳೇ ಹೋಗಬಹುದಿತ್ತು. ಹೋಗಲಿಲ್ಲ. ಇದೊಂದಕ್ಕಾದರೂ ಗಂಡ ತಾನಾಗಿ ಕರೆದುಕೊಂಡು ಹೋಗಲಿ ಎಂಬ ಹಟ, ಹಟದ ಕೆಳಗೆ ಸ್ವಲ್ಪ ಆಸೆ.

ಸದ್ದು ಸಣ್ಣ ಶಿಳ್ಳೆಯಂಥದು. ಮೇಷ್ಟ್ರು ಒಬ್ಬರೇ ಹೋದರೆ ಬರುತ್ತಿರಲಿಲ್ಲ, ಹೆಂಡತಿ ಕೂತರೆ ಬರುತ್ತಿತ್ತು. ಎಡಗಡೆ ಭಾರ ಬಿದ್ದಾಗ ಏನೋ ಉಜ್ಜುತ್ತಿದೆ ಎಂದು ಅವರು ತೀರ್ಮಾನಿಸಿದರು. ಫ್ಯಾನ್ ಬೆಲ್ಟ್ ಬದಲಾಯಿಸಿದರು. ಚಕ್ರ ಬಿಚ್ಚಿ ಬೇರಿಂಗಿಗೆ ಗ್ರೀಸು ತುಂಬಿದರು. ಗಾಳಿ ನುಗ್ಗುತ್ತಿರಬಹುದೆಂದು ಬಾಗಿಲಿನ ರಬ್ಬರ್ ಕಿತ್ತು ಹೊಸದು ಅಂಟಿಸಿದರು. ಆಕೆಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ನೋಡಿದರೆ ಸದ್ದೂ ಹಿಂದಕ್ಕೆ ಹೋಯಿತು. ಮೇಷ್ಟ್ರಿಗೆ ಹಬ್ಬವೋ ಹಬ್ಬ. ಹಿಂದಿನ ಷಾಕ್ ಅಬ್ಸಾರ್ಬರುಗಳೂ ಅಂಗಳಕ್ಕೆ ಇಳಿದವು. "ನೀನೂ ಸ್ವಲ್ಪ ತೂಕ ಇಳಿಸ್ಕೋಬಾರ್ದಾ" ಎಂದು ಉಪದೇಶ ಬೇರೆ. ದಿನಕ್ಕೊಂದು ಭಾಗ ಬಿಚ್ಚಿಕೊಂಡ ಕಾರು ಆಸ್ಪತ್ರೆಯ ದಾರಿ ಹಿಡಿಯುವುದಾದರೂ ಹೇಗೆ?

ತಮಾಷೆಯೆಂದರೆ ಆಕೆಯೂ ಅದನ್ನು ಕಾರಿನ ಸದ್ದೆಂದೇ ನಂಬಿದ್ದಳು. ಆ ಸೀಟಿನಲ್ಲಿ ಕೂತು ಕೂತು, ಕಿವಿಗೆ ಬಿದ್ದದ್ದೆಲ್ಲ ಕಾರಿನದೇ ಎಂಬುದು ರಕ್ತಕ್ಕೆ ಇಳಿದಿತ್ತು.

ಒಂದು ಬೆಳಿಗ್ಗೆ ರಿಪೇರಿ ಮುಗಿಸಿದ ಕಾರನ್ನು ಪರೀಕ್ಷಿಸಲು ಹೊರಟರು. ಹೊಗೆ ಉಗುಳುತ್ತಿದ್ದ ಲಾರಿಯೊಂದು ಮುಂದೆ ಸಿಕ್ಕಿತು. ಆಕೆ ಮೂಗು ಮುಚ್ಚಿ ಉಸಿರು ಹಿಡಿದಳು. ಸದ್ದು ನಿಂತಿತು. ಬಿಟ್ಟಳು, ಬಂತು. ಅನುಮಾನದಿಂದ ಮತ್ತೆ ಹಿಡಿದಳು, ಮತ್ತೆ ನಿಂತಿತು. ಆಕೆಗೆ ಮೊದಲು ಹೆದರಿಕೆಯಾಯಿತು, ಆಮೇಲೆ ಮೈಯೆಲ್ಲ ಉರಿಯಿತು.

"ಕಾರು ನಿಲ್ಸಿ. ಎಂಜಿನ್ ಆಫ್ ಮಾಡಿ."

ಮೇಷ್ಟ್ರು ಆಫ್ ಮಾಡಿದರು. ಕಾರು ತೆಪ್ಪಗಾಯಿತು. ಶಿಳ್ಳೆ ಮುಂದುವರಿಯಿತು. ಅವರ ಮುಖ ಅರಳಿತು.

"ಹಾಗಾದ್ರೆ ಎಂಜಿನ್ ಅಲ್ಲ. ಎಲ್ಲೋ ಗಾಳಿ ಲೀಕ್ ಆಗ್ತಿದೆ." ಹಾಗೆಂದವರೇ ಇಳಿದು ಬಾನೆಟ್ ಎತ್ತಿದರು.

ಆಕೆ ಕಿಟಕಿಯಿಂದ ತಲೆ ಹೊರಹಾಕಿ, "ಅಲ್ಲೇನು ಹುಡುಕ್ತೀರಾ? ಅದು ನನ್ನ ಎದೆ ಕಣ್ರೀ," ಎಂದಳು.

ಮೇಷ್ಟ್ರು ಹತ್ತಿರ ಬಂದು, ಬಗ್ಗಿ, ಕಿವಿಕೊಟ್ಟು ಕೇಳಿದರು. ಅರಳಿದ ಮುಖ ಬಾಡಿತು. ಅಷ್ಟರಲ್ಲಿ ಆಕೆ ಇಳಿದು ಬಸ್ಸಿಗೆ ಕೈ ಅಡ್ಡ ಹಿಡಿದಿದ್ದಳು. ಮೇಷ್ಟ್ರು ಬಾನೆಟ್ ತೆರೆದ ಕಾರನ್ನು ರಸ್ತೆಯಲ್ಲೇ ಬಿಟ್ಟು, ಓಡಿ ಬಂದು ಹಿಂದಿನ ಬಾಗಿಲಲ್ಲಿ ಹತ್ತಿಕೊಂಡರು.

ಡಾಕ್ಟರಮ್ಮ ಎದೆ ಪರೀಕ್ಷಿಸಿ, ಈ ಸದ್ದು ಯಾವಾಗಿನಿಂದ ಎಂದು ಕೇಳಿದರು. ಆಕೆ ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರು ಶುರು ಹಚ್ಚಿಕೊಂಡರು.

"ಚಳಿ ಬಿದ್ದಾಗಿಂದ, ಡಾಕ್ಟ್ರೇ. ಬೆಳಿಗ್ಗೆ ಜಾಸ್ತಿ, ಬಿಸಿಲೇರಿದ ಮೇಲೆ ಕಮ್ಮಿ. ಧೂಳಿದ್ರೆ ಜೋರು. ಕಿಟಕಿ ಮುಚ್ಚಿದ್ರೆ ಸ್ವಲ್ಪ ಇಳಿಯುತ್ತೆ. ಮೊದಮೊದಲು ಬಿಟ್ಟು ಬಿಟ್ಟು ಬರ್ತಿತ್ತು, ಈಗ ಎಡೆಬಿಡದೆ ಬರುತ್ತೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಅವರನ್ನೇ ನೋಡಿದರು. "ಇಷ್ಟು ಚೆನ್ನಾಗಿ ಗಮನಿಸಿದೀರಿ. ಮತ್ತೆ ಇಷ್ಟು ದಿನ ಯಾಕೆ ಕರ್ಕೊಂಡು ಬರ್ಲಿಲ್ಲ?"

ಮೇಷ್ಟ್ರು ಗ್ರೀಸಿನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡರು.

"ಕಾರಿಗೆ ಬಂದಿದೆ ಅಂದ್ಕೊಂಡಿದ್ರು, ಡಾಕ್ಟ್ರೇ," ಎಂದಳು ಹೆಂಡತಿ. "ನನಗೆ ಬಂದಿದ್ದು ಅಂತ ಗೊತ್ತಿದ್ದಿದ್ರೆ ಇಷ್ಟೆಲ್ಲ ಗಮನ ಕೊಡ್ತಿರ್ಲಿಲ್ಲ."