ಎಷ್ಟು ಮಂದಿಗೆ?

ಹುಬ್ಬಳ್ಳಿಯಿಂದ ರೈಲಿನಲ್ಲಿ ಅಣ್ಣಿಗೇರಿಗೆ ಬಂದು ನಮಗೆ ತತ್ವಶಾಸ್ತ್ರ ಕಲಿಸುತ್ತಿದ್ದ ಏಕನಾಥ ಸರ್ ಒಳ್ಳೆಯತನವನ್ನೂ ಎಣಿಸಿ ನೋಡುವ ಮನುಷ್ಯ. ಒಳ್ಳೆಯದು ಮಾಡಿದರೆ ಸಾಲದು, ಹೆಚ್ಚು ಮಂದಿಗೆ ಮುಟ್ಟುವ ಕಡೆ ಮಾಡಬೇಕು ಎಂಬುದೇ ಅವರ ಮೊದಲ ಪಾಠ, ಕೊನೆಯ ಪಾಠ. ಸನ್ಮಾನಕ್ಕೆ ಶಾಲು ಹೊದಿಸಲು ಹೋದರೆ, "ಇದು ಒಂದ ಹೆಗಲಿಗಾತು. ಇದರಾಗ ಎಷ್ಟು ಅಜ್ಜಂದಿರಿಗೆ ಚಸ್ಮಾ ಬರತಿದ್ವು?" ಎಂದು ಗದರುತ್ತಿದ್ದರು. ಒಬ್ಬಳೇ ಮಗಳು ಸಂಪದಾಳ ಹುಟ್ಟುಹಬ್ಬದ ಕೇಕಿಗೂ ಅದೇ ತಕ್ಕಡಿಯಂತೆ. ನಾವು ಯಾವ ಒಳ್ಳೆಯ ಕೆಲಸ ಹೇಳಿದರೂ ಅದು ಎಷ್ಟು ಮಂದಿಗೆಂದು ಬೋರ್ಡಿನ ಮೇಲೆ ಬರೆದು, "ಇಷ್ಟ ಏನು? ಇನ್ನೂ ಹೆಚ್ಚಿಗೆ ಆಗೂದಿಲ್ಲೇನು?" ಎಂದು ಕೇಳುತ್ತಿದ್ದರು. ಆ ಪ್ರಶ್ನೆ ನಮ್ಮ ಬಾಯಿಗೂ ಅಂಟಿಕೊಂಡಿತ್ತು. ಕಳೆದ ಆಷಾಢದಲ್ಲಿ ಹದಿನೈದು ದಿನ ರಜೆ ಹಾಕಿದ್ದವರು ಬಂದವರೇ ಬೋರ್ಡಿನ ಮೇಲೆ 'ಕಣ್ಣು ಇಬ್ಬರಿಗೆ, ಕಿಡ್ನಿ ಇಬ್ಬರಿಗೆ, ಲಿವರ್ ಒಬ್ಬರಿಗೆ, ಒಟ್ಟು ಐದು' ಎಂದು ಬರೆದರು. ಹೊಸ ಪಾಠವೆಂದು ತಿಳಿದು ಭೀಮಶಿ ಹಿಂದಿನ ಬೆಂಚಿನಿಂದ ಅವರದೇ ದನಿಯಲ್ಲಿ ಕೂಗಿದ: "ಇಷ್ಟ ಏನ್ರಿ ಸರ? ಇನ್ನೂ ಹೆಚ್ಚಿಗೆ ಆಗೂದಿಲ್ಲೇನ್ರಿ?" ಇಡೀ ತರಗತಿ ನಕ್ಕಿತು. ಸರ್ ನಮ್ಮ ಕಡೆ ತಿರುಗಲಿಲ್ಲ. "ಇಲ್ಲೋ ತಮ್ಮಾ," ಎಂದರು, "ನಮ್ಮ ಸಂಪದಾ ಹೋದ್ಲು. ಆಕಿ ಕಡೆ ಕೊಡ್ಲಿಕ್ಕೆ ಅಷ್ಟ ಇತ್ತು."