ಭಾವನ ದವಡೆ

ಗುಜರಿಯವರು ನಮ್ಮ ಭಾವನಿಗೆ ಇಟ್ಟ ಹೆಸರು ಸುತ್ತಿಗೆ. ಹಳೇ ಕಾರುಗಳನ್ನು ಒಡೆದು ಬಿಡಿಭಾಗ ತೆಗೆಯುವುದು ಅವನ ಕೆಲಸ. ನಟ್ಟು ಬಿಚ್ಚುವ ತಾಳ್ಮೆ ಅವನ ಜಾಯಮಾನದಲ್ಲೇ ಇರಲಿಲ್ಲ, ಒಂದೇ ಏಟಿಗೆ ಬಾಗಿಲು ಕಿತ್ತು ಬರಬೇಕು. ಮನೆಯಲ್ಲೂ ಅದೇ ಕೈ. ಅಕ್ಕನೇನು ಕಡಿಮೆಯಲ್ಲ. ಅದೇ ಗುಜರಿಯಲ್ಲಿ ವೈರು ಸುಲಿದು ತಾಮ್ರ ತೆಗೆಯುವವಳು, ಅವನು ಒಂದು ಕೊಟ್ಟರೆ ಎರಡು ತಿರುಗಿಸಿ ಕೊಡುವವಳು. ಆ ಮನೆಯಲ್ಲಿ ನೆಗ್ಗದ ಪಾತ್ರೆಯನ್ನು ನಾನು ಕಂಡಿಲ್ಲ.

ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅನ್ನುತ್ತಾರೆ. ಇಲ್ಲಿ ಉಣ್ಣುವುದೇ ಇರಲಿಲ್ಲ. ಹೊಡೆದಾಟ ಮುಗಿದ ಮೇಲೆ ಭಾವ ಬಾಯಿಗೆ ಬೀಗ ಹಾಕಿಕೊಂಡು ಗೋಡೆಗೊರಗಿ ಕೂರುತ್ತಿದ್ದ. ಮಾತಿಲ್ಲ, ಅನ್ನವಿಲ್ಲ. ಅಕ್ಕ ಸೋತು ಹತ್ತಿರ ಹೋಗಿ ಗೋಗರೆಯುವವರೆಗೂ ತುಟಿ ಬಿಚ್ಚುತ್ತಿರಲಿಲ್ಲ. ಅವನ ಏಟಿಗಿಂತ ಈ ಮೌನ ಕಂಡರೇ ನನಗೆ ಮೈ ಉರಿಯುತ್ತಿತ್ತು.

ಒಮ್ಮೆ ಆರೋಗ್ಯ ಕೇಂದ್ರದ ನರ್ಸಮ್ಮ ಐಸ್ ಡಬ್ಬಿ ಹಿಡಿದು ಗುಜರಿಗೇ ಬಂದಳು. "ಧನುರ್ವಾಯು, ಗಂಟಲಮಾರಿ, ನಾಯಿಕೆಮ್ಮು, ಮೂರಕ್ಕೂ ಸೇರಿ ಒಂದೇ ಸೂಜಿ. ಚಿಕ್ಕೋರಿದ್ದಾಗ ಹಾಕಿಸಿಕೊಂಡಿದ್ರೂ ಅದರ ಬಲ ಇಳಿದುಹೋಗಿರುತ್ತೆ. ಹತ್ತು ವರ್ಷಕ್ಕೊಮ್ಮೆ ಬೂಸ್ಟರ್ ಬೇಕೇ ಬೇಕು" ಅಂದಳು.

"ನಾಯಿಕೆಮ್ಮಿನ ಸೂಜಿಗೆ ನಾನೇನು ತೊಟ್ಟಿಲಲ್ಲಿದ್ದೀನಾ?" ಅಂದ ಭಾವ. "ದಿನಾ ಕಬ್ಬಿಣ ಕಚ್ಚೋ ಮೈ ಇದು, ಪಳಗಿದೆ. ನಡಿಯಮ್ಮ." ನರ್ಸಮ್ಮ ಕದಲಲಿಲ್ಲ. ಅವನು ಸುತ್ತಿಗೆ ಎತ್ತಿ ಅವಳ ಪಕ್ಕದ ಕಾರಿನ ಗಾಜಿಗೆ ಬೀಸಿದ. ಗಾಜು ಪುಡಿಪುಡಿಯಾಗಿ ಅವಳ ಕಾಲ ಮೇಲೆ ಸುರಿಯಿತು. ಅವಳು ಡಬ್ಬಿ ಎತ್ತಿಕೊಂಡು ಹೊರಟಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಕ್ಕನೂ ನಕ್ಕಳು.

ಆಮೇಲೆ ಒಂದು ದಿನ ಮುರಿದ ಬಂಪರಿನ ಚೂರು ಚಪ್ಪಲಿ ತೂರಿ ಅವನ ಅಂಗಾಲಿಗೆ ನುಗ್ಗಿತು. ಅವನೇ ಇಕ್ಕಳ ಹಾಕಿ ಕಿತ್ತ. ಗಾಯಕ್ಕೆ ಹಳೇ ಗ್ರೀಸ್ ಮೆತ್ತುವುದು ಅಲ್ಲಿಯವರ ಔಷಧಿ. ಅವನೂ ತುಂಬ ಮೆತ್ತಿದ. ಮೇಲೆ ಚರ್ಮ ಕೂಡಿತು, ಗಾಯದ ಸುದ್ದಿ ಅಲ್ಲಿಗೇ ಮುಗಿಯಿತು.

ವಾರ ಕಳೆದಿರಬೇಕು. ನಲ್ಲಿ ನಿಲ್ಲಿಸಲಿಲ್ಲ ಅನ್ನುವುದಕ್ಕೆ ದೊಡ್ಡ ಜಗಳವಾಯಿತು. ಅವನು ಬಕೆಟ್ ಎಸೆದ, ಅವಳು ಇಕ್ಕಳ ಎಸೆದಳು. ಮಾರನೇ ಬೆಳಿಗ್ಗೆ ನಾನು ಹೋದಾಗ ಭಾವ ಗೋಡೆಗೊರಗಿ ಕೂತಿದ್ದ. ಬಾಯಿ ಮುಚ್ಚಿತ್ತು. ಅಕ್ಕ ಸೋತು ಅನ್ನ ತಂದಿಟ್ಟು ಗೋಗರೆದಳು. ಅವನು ಬಾಯಿ ತೆರೆಯಲಿಲ್ಲ. ತುಟಿ ಮಾತ್ರ ಎರಡೂ ಕಡೆಗೆ ಎಳೆದು ಹಲ್ಲು ಕಾಣಿಸಿತು.

"ನೋಡೇ, ಹೆಂಗೆ ಕಿಸೀತಾನೆ ನೋಡು!" ಅಕ್ಕ ಕೂಗಿದಳು. "ನಾನು ಕಾಲಿಗೆ ಬೀಳ್ತಿದ್ರೆ ಇವನಿಗೆ ನಗು!"

ಅವನ ತಲೆಗೂದಲು ಹಿಡಿದು ಸೌಟಿನ ಹಿಡಿಯನ್ನು ಹಲ್ಲಿನ ಸಂದಿಗೆ ತುರುಕಿದಳು. ತುಟಿ ಹರಿದು ರಕ್ತ ಗಲ್ಲಕ್ಕಿಳಿಯಿತು, ಹಿಡಿ ಬಾಗಿತು, ದವಡೆ ಬಿಚ್ಚಲಿಲ್ಲ. ಆಗ ಸಿಟ್ಟು ನೆತ್ತಿಗೇರಿ ಕೆನ್ನೆಗೆ ಬಾರಿಸಿದಳು.

ಆ ಏಟಿಗೆ ಅವನ ಮೈಯೆಲ್ಲ ಸೆಟೆದುಕೊಂಡಿತು. ತಲೆ ಮತ್ತು ಹಿಮ್ಮಡಿ ಮಾತ್ರ ನೆಲದ ಮೇಲೆ, ಹೊಟ್ಟೆ ಸೂರಿನ ಕಡೆಗೆ. ಹಲ್ಲು ಕಟಕಟ ಮಸೆಯಿತು. ಕಣ್ಣು ಮಾತ್ರ ನಮ್ಮನ್ನೇ ನೋಡುತ್ತಿತ್ತು. ಅವನಿಗೆ ಪೂರ್ತಿ ಎಚ್ಚರವಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಅಂಗಾಲು ಕುಯ್ದರು. ಕೀವಿನ ಜೊತೆ ಕಪ್ಪು ಗ್ರೀಸ್ ಬಂತು. ಧನುರ್ವಾಯು. "ಆ ಸೂಜಿ ಈಗ ಹಾಕಿಬಿಡಿ ಸ್ವಾಮಿ" ಅಂತ ಅಕ್ಕ ಕೈಮುಗಿದಳು.

"ಕೊಡೋದೆಲ್ಲ ಕೊಟ್ಟಿದ್ದೀವಮ್ಮ. ನರ ಹಿಡಿದ ವಿಷಾನ ಕಿತ್ತು ತೆಗೆಯೋಕಾಗಲ್ಲ. ಬೂಸ್ಟರ್ ಮೊದಲೇ ಆಗಿದ್ರೆ ಇಲ್ಲಿಗೆ ಬರ್ತಿರಲಿಲ್ಲ."

ಕತ್ತಲೆ ಕೋಣೆಯಲ್ಲಿ ಮಲಗಿಸಿದರು. ಸಣ್ಣ ಸದ್ದಾದರೂ ಅವನ ಮೈ ಮುರಿದುಕೊಳ್ಳುತ್ತಿತ್ತು. ಹೊರಗೆ ಯಾರೋ ತಟ್ಟೆ ಬೀಳಿಸಿದಾಗ ಅವನ ಬೆನ್ನಿನೊಳಗೆ ಮೂಳೆ ಲಟಕ್ಕೆಂದದ್ದು ನಮಗೆ ಕೇಳಿಸಿತು. ಬೀದಿಗೆಲ್ಲ ಕೇಳುವಂಥ ಗಂಟಲಿನ ಅಕ್ಕ, ಅಳು ಅವನ ಕಿವಿಗೆ ಬೀಳದಿರಲಿ ಅಂತ ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತಿದ್ದಳು. ಒಂದು ಮಧ್ಯಾಹ್ನ ಆ ಸೆಟೆತ ಎದೆಗೆ ಹತ್ತಿತು, ಬಿಡಲಿಲ್ಲ. ಭಾವ ಹೋದ.

"ನನ್ನ ಏಟಿಗೇ ಸತ್ನಾ?" ಅಂತ ಅಕ್ಕ ಕೇಳಿದಳು. ಇಲ್ಲಮ್ಮ, ಕಾಲಿನ ಗಾಯಕ್ಕೆ ಅಂತ ಡಾಕ್ಟರು ಬಿಡಿಸಿ ಹೇಳಿದರು. ಅವಳ ತಲೆಗೆ ಹೋಗಲಿಲ್ಲ.

ನರ್ಸಮ್ಮ ಮತ್ತೆ ಗುಜರಿಗೆ ಬಂದಳು. ಎಲ್ಲರೂ ಸಾಲು ನಿಂತರು, ಗ್ಯಾಸ್ ಕಟರಿನವನೊಬ್ಬನನ್ನು ಬಿಟ್ಟು. ಆನೆಯಂಥ ಆಳು. "ಅವನ ಹಣೆಬರಹ ಅವನಿಗೆ. ನನಗೇನೂ ಆಗಲ್ಲ" ಅಂತ ಹಲ್ಲು ಬಿಟ್ಟ.

ಅಕ್ಕ ವೈರು ಬಿಸಾಕಿ ಎದ್ದಳು. ಅವನ ಕಾಲರು ಹಿಡಿದು ಕೈ ಎತ್ತಿದಳು. ಆ ಕೈಯ ರುಚಿ ಗೊತ್ತಿದ್ದವರು ಹಿಂದೆ ಸರಿದರು. ಕೈ ಅಲ್ಲೇ ನಿಂತಿತು, ಕೆಳಗಿಳಿಯಿತು.

"ಅವನು ನೋವಿಗೆ ಹಲ್ಲು ಕಿರಿದಿದ್ದ ಕಣಪ್ಪಾ" ಅಂದಳು. "ನಾನು ನಗ್ತಿದ್ದಾನೆ ಅಂತ ಹೊಡೆದೆ."

ಗ್ಯಾಸ್ ಕಟರಿನವನು ಅಂಗಿಯ ತೋಳು ಮಡಚಿ ಸಾಲಿಗೆ ಬಂದು ನಿಂತ.