ಗೋಡೆಯ ಮೇಲಿನ ಪಾತ್ರ

ಹೋದ ತಿಂಗಳು ಛತ್ರಪತಿ ಸಂಭಾಜಿನಗರದ ನಾನು ಪಾಠ ಮಾಡುವ ಕಾಲೇಜಿನಲ್ಲಿ ವಿದ್ಯಾರ್ಥಿಗಳ ನಾಟಕವಿತ್ತು. ನಾನು ಗ್ರೀನ್ ರೂಮ್ ನೋಡಿಕೊಳ್ಳುವ ಕೆಲಸ ಕೇಳಿ ಪಡೆದಿದ್ದೆ. ಅಲ್ಲಿ ಹೆಚ್ಚು ಮಾತಾಡಬೇಕಾಗುವುದಿಲ್ಲ. ಮೇಕಪ್‌ನವರು ಒಬ್ಬನ ಮೇಲ್ದುಟಿಗೆ ಮೀಸೆ ಅಂಟಿಸಲು ಸ್ಪಿರಿಟ್ ಗಮ್ ಬಾಟಲಿ ತೆರೆದರು. ಆ ಘಾಟು ಮೂಗಿಗೆ ಬಂದದ್ದೇ, ನಾಸಿಕದ ಪಂಚವಟಿಯಲ್ಲಿ ನಮ್ಮ ಕೆಳಗಿನ ಮನೆಯಲ್ಲಿದ್ದ ಕಾಕಾ ನೆನಪಾದರು. ಅವರ ಟವೆಲ್ಲಿಗೆ, ದಿಂಬಿಗೆ, ಅವರ ಹೆಂಡತಿ ಕಾಕು ದೂರುತ್ತಿದ್ದಂತೆ ಅವರು ಕುಡಿದಿಟ್ಟ ಚಹಾದ ಕಪ್ಪಿಗೂ ಇದೇ ವಾಸನೆ ಇರುತ್ತಿತ್ತು...

ಕಾಕಾ ಹೆಸರಾದ ನಟರಲ್ಲ. ಹೆಸರಾದ ನಟರ ಹಿಂದೆ ನಿಲ್ಲುವ ನಟರು. ಬೀದರ್ ಕಡೆಯ ಕುಟುಂಬ. ಮನೆತನದ ಬಟ್ಟೆ ಅಂಗಡಿಯನ್ನು ತಮ್ಮನಿಗೆ ಬಿಟ್ಟು ಮರಾಠಿ ನಾಟಕ ಕಂಪನಿ ಸೇರಿದ್ದರು. ಮೊದಲ ಅಂಕದಲ್ಲಿ ವಿಷ ಕುಡಿದು ಸಾಯುವ ಜಮೀನ್ದಾರರು ಅವರೇ. ಎರಡನೆಯದರಲ್ಲಿ ಮೀಸೆ ಅಂಟಿಸಿಕೊಂಡು ಆ ಸಾವಿನ ತನಿಖೆಗೆ ಬರುವ ಫೌಜದಾರರೂ ಅವರೇ. ಸಿನಿಮಾಗಳಲ್ಲಿ ಆಪರೇಶನ್ ಕೋಣೆಯಿಂದ ಹೊರಬಂದು ತಲೆಯಾಡಿಸುವ ಡಾಕ್ಟರಾಗಿದ್ದರು. "ತಲಿ ಅಲ್ಲಾಡ್ಸೂದ್ರಾಗ ನನ್ನ ಬಿಟ್ರ ಇಲ್ಲ" ಎಂದು ತಾವೇ ನಗುತ್ತಿದ್ದರು. ಅವರ ಸಿನಿಮಾ ನೋಡುವಾಗ ನಾವು ಯಾರೂ ನೀರಿಗೆಂದು ಏಳುತ್ತಿರಲಿಲ್ಲ. ಎದ್ದರೆ ಕಾಕಾ ಬಂದು ಹೋಗಿರುತ್ತಿದ್ದರು.

ಅವರ ಅತಿ ದೀರ್ಘ ಪಾತ್ರವೆಂದರೆ ಒಂದು ಫೋಟೋ. ಮುಂಬೈಯ ಯಾವುದೋ ಮರಾಠಿ ಸೀರಿಯಲ್‌ನವರಿಗೆ ತೀರಿಹೋದ ಮಾವನ ಭಾವಚಿತ್ರ ಬೇಕಾಗಿತ್ತು. ಕಾಕಾರ ಚಿತ್ರಕ್ಕೆ ಚೌಕಟ್ಟು ಹಾಕಿ, ಗಂಧದ ಹಾರ ಹಾಕಿ ಗೋಡೆಗೆ ನೇತುಹಾಕಿದರು. ಅದರ ಮುಂದೆ ಆ ಮನೆಯ ಸೊಸೆ ದಿನವೂ ಸಂಜೆ ಅಳುತ್ತಿದ್ದಳು. ಇಷ್ಟು ವರ್ಷ ಗುರುತಿಸದ ಊರು ಈಗ ಕಾಕಾರನ್ನು ಗುರುತಿಸತೊಡಗಿತು. ತರಕಾರಿಯವಳು ಅವರನ್ನು ಕಂಡು ಬೆಚ್ಚಿ ಕೈಮುಗಿದಳು. ಕುಂದಾಪುರದ ಕಡೆಯ ಹೋಟೆಲ್ ಮಾಲೀಕರು ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ ಕೂಗಿದರು: "ಎಂತ ಮಾರಾಯ್ರೆ, ನಿನ್ನೆ ನಿಮ್ಮ ತಿಥಿ ಜೋರಾಯ್ತಲ್ಲ!"

ಕಾಕುವಿಗೆ ಇದು ತಮಾಷೆಯಾಗಿರಲಿಲ್ಲ. ಸೀರಿಯಲ್ ಮುಗಿದ ಕೂಡಲೇ ಉಪ್ಪು, ಒಣಮೆಣಸಿನಕಾಯಿ ಹಿಡಿದು ಗಂಡನಿಗೆ ನಿವಾಳಿಸಿ ಒಲೆಗೆ ಹಾಕುವರು. ಸೊಸೆ ಹೆಚ್ಚು ಅತ್ತ ದಿನ ಮೆಣಸಿನಕಾಯಿಯೂ ಹೆಚ್ಚು. ಘಾಟಿಗೆ ಇಡೀ ಕಟ್ಟಡ ಕೆಮ್ಮುತ್ತಿತ್ತು. ಮೇಲಿನ ಮನೆಯಲ್ಲಿ ನಾವು ಕಿಟಕಿ ಮುಚ್ಚುತ್ತಿದ್ದೆವು.

"ನಾ ಇಲ್ಲಿ ಕುಂಕುಮ ಹಚ್ಕೊಂಡು ಕುಂತೀನಿ, ಅಲ್ಲಿ ನಿಮಗ ದಿನಾ ಹಾರ! ಫೋಟೋ ಇಳಸ್ರಿ ಅಂತ ಹೇಳ್ಬಾರದೇನ್ರಿ?"

"ದಿನಾ ಬರೋ ಪಾತ್ರ ನಂದು ಅದೊಂದೇ ಅದ."

"ಮಾತಿಲ್ಲ, ಕತಿಯಿಲ್ಲ. ಅದೇನ್ ಪಾತ್ರ?"

"ತಡಿ. ಸೀರಿಯಲ್‌ದಾಗ ಸತ್ತವರು ತಿರುಗಿ ಬರೂದು ಹೊಸಾದೇನಲ್ಲ. ಒಂದಿನ ನನ್ನೂ ಕರೀತಾರ."

ಕಾಕಾರ ಆಸೆಯೆಲ್ಲ ಅದೇ ಆಗಿತ್ತು: ಗೋಡೆಯಿಂದ ಇಳಿದು ಆ ಮನೆಯ ಹೊಸ್ತಿಲಲ್ಲಿ ನಿಂತು ಮಾತಾಡಬೇಕು.

ಕೊನೆಗೂ ಫೋನ್ ಬಂತು. ಮಾವ ಸತ್ತಿಲ್ಲ, ಮರಳಿ ಬರುತ್ತಾನೆ. ಕಾಕಾ ಸಂಭಾಷಣೆಯ ಹಾಳೆ ಹಿಡಿದು ಕಟ್ಟಡದ ತಾರಸಿಯ ಮೇಲೆ ತಾಲೀಮು ಶುರುಮಾಡಿದರು. ಸೊಸೆಯ ಮಾತು ಓದಲು ನಾನು. ಆಗ ನಾನಿನ್ನೂ ಶಾಲೆಯಲ್ಲಿದ್ದೆ. 'ಮಾವನವರೇ, ನೀವು ಬದುಕಿದ್ದೀರಾ' ಎಂಬುದನ್ನು ನಾನು ಹಾಜರಿ ಕೂಗಿದಂತೆ ಓದಿದೆ. ಕಾಕಾ ಕಣ್ಣೊರೆಸಿಕೊಳ್ಳುತ್ತಿದ್ದವರು ನಿಲ್ಲಿಸಿ, "ನನ್ನ ನೋಡಿ ನಿನಗ ಸ್ವಲ್ಪರೆ ಖುಷಿ ಆಗ್ಬೇಕವ್ವಾ" ಎಂದರು.

ಅವರು ಮುಂಬೈಗೆ ಹೋಗಿ ಬಂದರು. ಏನಾಯಿತೆಂದು ಕೇಳಿದರೆ, "ಟಿವಿಯಾಗ ನೋಡ್ರಿ" ಎನ್ನುವುದಷ್ಟೇ. ಪ್ರಸಾರದ ಸಂಜೆ ಕಾಕು ಹೂರಣದ ಹೋಳಿಗೆ ಮಾಡಿ ಕಟ್ಟಡದವರನ್ನೆಲ್ಲ ಕರೆದಿದ್ದರು. ಕಾಕಾ ಮೂಲೆಯಲ್ಲಿ ಕೂತಿದ್ದರು.

ತೆರೆಯ ಮೇಲೆ ಗೇಟಿನ ಮುಂದೆ ಆಟೊ ನಿಂತಿತು. ಮಾವ ಇಳಿದರು. ಅದು ಕಾಕಾ ಅಲ್ಲ; ಸಿನಿಮಾಗಳಲ್ಲಿ ಕಂಡ, ಕಾಕಾರಿಗಿಂತ ಎತ್ತರದ, ಹೆಸರಾದ ನಟ. ಹಾರದ ಫೋಟೋ ಆ ಹೊತ್ತಿಗಾಗಲೇ ಗೋಡೆಯಿಂದ ಮಾಯವಾಗಿತ್ತು. ಮುಖ ಬೇರೆಯಾದದ್ದನ್ನು ಆ ಮನೆಯಲ್ಲಿ ಯಾರೂ ಗಮನಿಸಲಿಲ್ಲ, ಮಾವನ ಹೆಂಡತಿ ಕೂಡ. ಕಾಕಾ ಎಲ್ಲಿದ್ದರೆಂದರೆ ಆಟೊದ ಮುಂದಿನ ಸೀಟಿನಲ್ಲಿ, ಗುರುತು ಸಿಗದಿರಲೆಂದು ಅರ್ಧ ಮುಖ ಮುಚ್ಚುವ ಮೀಸೆ ಅಂಟಿಸಿಕೊಂಡು. ಇಳಿದವನಿಗೆ, "ಸಾವಕಾಶ್ ಜಾ, ಕಾಕಾ", ನಿಧಾನ ಹೋಗು ಕಾಕಾ, ಎಂದರು. ಆಟೊ ಹೊರಟಿತು.

ಇತ್ತ ಕೋಣೆಯಲ್ಲಿ ಕಾಕಾ ತಟ್ಟೆಯಲ್ಲಿದ್ದ ಹೋಳಿಗೆಯನ್ನೇ ನೋಡುತ್ತಿದ್ದರು. ಕಾಕು ಎದ್ದು ಅದರ ಮೇಲೆ ಇನ್ನಷ್ಟು ತುಪ್ಪ ಸುರಿದರು.

"ಫೋಟೋ ಇಳಿಸ್ಯಾರಲ್ಲ, ನನಗಷ್ಟು ಸಾಕು. ಮತ್ತ ಆಟೊ ಎಷ್ಟು ಚಂದ ಹೊಡದ್ರಿ!"

"ನನಗೆಲ್ಲಿ ಬರ್ತದ? ಹಿಂದಿಂದ ಇಬ್ಬರು ನೂಕಿದ್ರು."

ಎಲ್ಲರೂ ನಕ್ಕೆವು. ಕಾಕಾ ಸ್ವಲ್ಪ ತಡವಾಗಿ ನಕ್ಕರು... ಅಂದು ಮೆಣಸಿನಕಾಯಿಯ ಘಾಟು ಬರಲಿಲ್ಲ. ಮುಂದೆಯೂ ಅವರು ಡಾಕ್ಟರಾಗಿ ತಲೆಯಾಡಿಸಿದರು, ಸಿನಿಮಾ ಮದುವೆಗಳಲ್ಲಿ ಅಕ್ಷತೆ ಹಾಕಿದರು. ಆ ಸೀರಿಯಲ್ಲಿನ ಸುದ್ದಿ ಮಾತ್ರ ತಾವಾಗಿ ಎತ್ತಲಿಲ್ಲ.

ಕಾಕಾ ತೀರಿಕೊಂಡಾಗ ನಾನು ಸಂಭಾಜಿನಗರದಲ್ಲಿ ಎಂ.ಎ. ಪರೀಕ್ಷೆ ಬರೆಯುತ್ತಿದ್ದೆ. ಈಗ, ಕಾಲೇಜಿನ ನಾಟಕ ಮುಗಿದ ವಾರ ನಾಸಿಕಕ್ಕೆ ಹೋದವಳು ಕಾಕುವನ್ನು ನೋಡಲು ಕೆಳಗಿನ ಮನೆಗೆ ಇಳಿದೆ. ಗೋಡೆಯ ಮೇಲೆ ಕ್ಯಾಲೆಂಡರ್ ಬಿಟ್ಟರೆ ಏನೂ ಇರಲಿಲ್ಲ. ನಾನು ಅತ್ತ ನೋಡಿದ್ದು ಕಾಕುವಿಗೆ ತಿಳಿಯಿತು.

"ಫೋಟೋ ಹಚ್ಚಂಗಿಲ್ಲ. ಜೀವ ಇದ್ದಾಗೇ ಭಾಳ ದಿನ ನೇತಾಡ್ಯಾರ" ಎಂದು ಫೋನನ್ನು ನನ್ನ ಕೈಗಿಟ್ಟರು. "ಅದನ್ನ ಹಚ್ಚು. ನನಗ ಸಿಗೂದಿಲ್ಲ."

ಸೀರಿಯಲ್ಲಿನ ಆ ಕಂತು ಹುಡುಕಿ ಹಚ್ಚಿದೆ. ಆಟೊ ಬಂತು, ಕಾಕಾ ತಮ್ಮ ಒಂದು ಮಾತು ಆಡಿದರು, ಆಟೊ ತಿರುಗಿತು.

"ಎಷ್ಟ್ ಲಗೂ ಹೊಂಟ್ರು ನೋಡು" ಎಂದರು ಕಾಕು.

ತೆರೆಯ ಮೇಲೆ ಆ ಎತ್ತರದ ಮನುಷ್ಯ ಒಬ್ಬನೇ ನಿಂತು ಬಾಗಿಲು ತಟ್ಟುತ್ತಿದ್ದ. ನಮ್ಮಿಬ್ಬರಿಗೂ ಅವನು ಬೇಕಾಗಿರಲಿಲ್ಲ.